ಕೆಂಪು ಚೌಕದೊಳಗಿನ ಸಾಲು

ಫೋನಿನ ಪರದೆಯಲ್ಲಿ ಮಾವನ ಬೆರಳು ಸರಿಯಾಗಿ ಆ ಸಾಲಿನ ಮೇಲೆಯೇ ಬಂದು ನಿಂತಿತು. ನಿವೇತಾ ಫೋನನ್ನು ಹಿಂದಕ್ಕೆಳೆಯಲು ನೋಡಿದಳು.

"ಇದ್ ಯಾಕೆ ಅಮ್ಮಣಿ ಇಷ್ಟು ಸಣ್ಣದು? ದೊಡ್ದು ಮಾಡು," ಎಂದರು ಲಿಂಗಪ್ಪನ್.

ಮಾಡದೆ ಏನು ಮಾಡಿಯಾಳು? ಮಾಡಿದಳು.

ಕೊಯಮತ್ತೂರಿನ ಹತ್ತಿರದ ಅನ್ನೂರಿನಲ್ಲಿ ಹಿಂಡಿ ಅಂಗಡಿ ಇಟ್ಟಿದ್ದ ಲಿಂಗಪ್ಪನ್ ಅವರಿಗೆ ಕುಲದ ಅಭಿಮಾನ ಬಲು ಜಾಸ್ತಿ. ತೊಂಡಾಮುತ್ತೂರಿನಿಂದ ತಿರುಪ್ಪೂರಿನವರೆಗೆ ಹರಡಿಕೊಂಡ, ಮನೆಯಲ್ಲಿ ಕನ್ನಡವಾಡುವ ತಮ್ಮ ಜನಕ್ಕೆಂದು ಒಂದು ಬ್ಲಾಗ್ ಮಾಡಿಸಿದ್ದರು. ಅದರ ಸುದ್ದಿಪತ್ರ ಪ್ರತಿ ಶುಕ್ರವಾರ ಎಲ್ಲರ ಇಮೇಲ್‌ಗೆ ಹೋಗಬೇಕು, ಅದೂ ಅಚ್ಚ ಕನ್ನಡದಲ್ಲಿ. ಬರೆಯುವ ಹೊಣೆ ಚಾಮರಾಜನಗರದಿಂದ ಬಂದ ಸೊಸೆಯದು. ತವರಿನ ನಿವೇದಿತಾ ಇಲ್ಲಿ ನಿವೇತಾ ಆಗಿದ್ದಳು. ಹೆಸರೇ ಅರ್ಧ ಹೋದ ಮೇಲೆ ಉಳಿದದ್ದನ್ನು ಕೇಳುವುದೇನು!

ಕೊಯಮತ್ತೂರಿನ ಶಾಲೆಯೊಂದು ಅವಳನ್ನು ಗಣಿತದ ಟೀಚರಾಗಿ ಕರೆದಿತ್ತು. ತಿಂಗಳ ಕೊನೆಯೊಳಗೆ ಸೇರಬೇಕು. ಟೌನ್ ಬಸ್ಸು ಮನೆ ಮುಂದೆಯೇ ನಿಲ್ಲುತ್ತದೆ. ಆದರೆ ಈ ಮನೆಯ ಹೆಂಗಸರು ಕೆಲಸಕ್ಕೆ ಹೋದದ್ದಿಲ್ಲ ಎಂದು ಮಾವ ಒಂದೇ ಮಾತಿಗೆ ಮುಗಿಸಿಬಿಟ್ಟರು. ಗಂಡ ಭೂಪತಿ ಅಪ್ಪನೆದುರು ಬಾಯಿ ಬಿಡುವವನಲ್ಲ. ತವರಿನವರು ಹೊಂದಿಕೊಂಡು ಹೋಗು ಎಂದರು. ಮಾವ ಕೇಳುವುದಾದರೆ ಕುಲದ ಹಿರಿಯರ ಮಾತು ಮಾತ್ರ. ಅದಕ್ಕೇ ರಾಗಿ ರೊಟ್ಟಿಯ ವಿಧಾನದ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಬರೆದಿದ್ದಳು: "ಹಿರಿಯರೇ, ನನಗೆ ಟೀಚರ್ ಕೆಲಸ ಸಿಕ್ಕಿದೆ. ಮಾವ ಕಳಿಸುತ್ತಿಲ್ಲ. ದಯವಿಟ್ಟು ಅವರಿಗೆ ಒಂದು ಮಾತು ಹೇಳಿ."

ಆ ಅಕ್ಷರವೇ ಈಗ ದೊಡ್ಡದಾಗಿ ಎಲ್ಲರಿಗೂ ಹೋಯಿತು. ಬೈಗುಳಕ್ಕೆ ಕಾದಳು. ಮಾವ ಬೈಯಲಿಲ್ಲ, ಕಾಫಿ ಕೇಳಿ ಕುಡಿದರು.

ಮುಂದಿನ ವಾರ ಹೆದರಿ ಆ ಸಾಲನ್ನೇ ತೆಗೆದಳು.

"ಕೊನೇಲಿ ಒಂದ್ ಸಾಲಿತ್ತಲ್ಲ, ಅದೆಲ್ಲಿ?" ಹಿಂದೆ ನಿಂತಿದ್ದ ಮಾವ ಕೇಳಿದರು. ಅದಿಲ್ಲದೆ ಪುಟ ಬೋಳುಬೋಳಾಗಿದೆಯಂತೆ. ಮತ್ತೆ ಹಾಕಿಸಿದರು. ಸುತ್ತ ಜಾಗ ಬಿಡಿಸಿದರು. ಅದರ ಮುಂದಿನ ವಾರ ಕೆಂಪು ಚೌಕ ಹಾಕಿಸಿ, ಫೋನನ್ನು ಕೈ ಚಾಚಿ ಹಿಡಿದು ನೋಡಿ ನಕ್ಕರು. ಒಂದು ಪದ ತಿದ್ದಿದವರಲ್ಲ, ಬಯ್ದವರಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಉತ್ತರಗಳೂ ಬಂದವು. ಬರೀ ಮುಗಿದ ಕೈ, ಹೂವಿನ ಇಮೋಜಿಗಳು. ಕುರಿಚಿಯಲ್ಲಿ ಫೌಂಡ್ರಿ ನಡೆಸುವ ಕುಲದ ಹಿರಿಯ ಕೃಷ್ಣಸಾಮಿ ಮೂರು ತಾವರೆ ಕಳಿಸಿ ಸುಮ್ಮನಾದರು. ಎಲ್ಲರೂ ಓದಿದ್ದಾರೆ, ಎಲ್ಲರೂ ಮಾವನ ಕಡೆಯೇ ಎಂದು ನಿವೇತಾ ತಿಳಿದುಕೊಂಡಳು. ಬಸ್ಸಿನ ಹಾರ್ನ್ ಕೇಳಿದರೆ ಅಡುಗೆಮನೆಯಲ್ಲಿ ಕೂತು ಅಳುವುದು ಅಭ್ಯಾಸವಾಯಿತು.

ತಿಂಗಳ ಕೊನೆಯ ಭಾನುವಾರ ಕುರಿಚಿಯ ಮಂಟಪದಲ್ಲಿ ಕುಲದ ಕೂಟ. ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ವೇದಿಕೆಯ ಹಿಂದೆ ಗೋಡೆಯಗಲದ ಫ್ಲೆಕ್ಸ್. ಅದರ ತುಂಬ ಅವಳ ಸುದ್ದಿಪತ್ರ. ನಡುವೆ ಕೆಂಪು ಚೌಕ, ಒಳಗೆ ಮೊಳದುದ್ದದ ಅಕ್ಷರದಲ್ಲಿ ಅವಳ ಬೇಡಿಕೆ. ಅದರ ಮುಂದೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇಷ್ಟು ಜನರೆದುರು ಮಾನ ಕಳೆಯಬೇಕೇ? ಹಿಂದಕ್ಕೆ ತಿರುಗಿದಳು. ಮಾವ ಕೈಹಿಡಿದು ವೇದಿಕೆಗೆ ಹತ್ತಿಸಿದರು. ಮುಂದಿನ ಸಾಲಿನಲ್ಲಿ ಕೃಷ್ಣಸಾಮಿ ಕೈ ಮುಗಿದು ಕೂತಿದ್ದರು.

ಲಿಂಗಪ್ಪನ್ ಅವರ ಕಣ್ಣು ತುಂಬಿತ್ತು. ಮೈಕು ಅವಳ ಕೈಗಿಟ್ಟರು.

"ನಮ್ಮ ಎಳುತ್ತು, ಈ ಕನ್ನಡ ಅಕ್ಷರ, ನೋಡಕ್ಕೆ ರೊಂಬ ಚಂದ ಅಮ್ಮಣಿ. ಆದ್ರೆ ನಾವೆಲ್ಲ ಓದಿದ್ದು ತಮಿಳು. ಇಲ್ಲಿ ಒಬ್ರಿಗೂ ಕನ್ನಡ ಓದಕ್ಕೆ ಬರಲ್ಲ, ನಂಗೂ ಸೇರ್ಸಿ. ನೀ ಓದಿ ಹೇಳು, ಎಲ್ರೂ ಕೇಳ್ಲಿ."

ನಿವೇತಾ ಕೆಂಪು ಚೌಕದಿಂದಲೇ ಶುರು ಮಾಡಿದಳು.