ಕೆಂಪು ಕಾರು, ಹೆಗಲ ಟವೆಲು

ಅಭ್ಯಾಸಬಲ ಎಂಬುದು ಬಿಡುತ್ತದೆಯೇ? ನಂಜನಗೂಡಿನ ಹಳೇ ಕಾರಿನ ಶೆಡ್ಡಿನಲ್ಲಿ ಶಿವಮಲ್ಲಪ್ಪ ಹೆಗಲ ಟವೆಲನ್ನು ಬಲಗೈಗೆ ಹೊದಿಸಿಕೊಂಡು ಕಾರು ಮಾರುವ ಕಿರಣನ ಮುಂದೆ ಚಾಚಿಯೇಬಿಟ್ಟ. ದನದ ಸಂತೆಯಲ್ಲಿ ಬೆಲೆ ಕುದುರಿಸುವುದು ಹಾಗೆಯೇ. ಟವೆಲಿನಡಿ ಬೆರಳು ಹಿಡಿದರೆ ಆಯಿತು, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದು.

ಕಿರಣ್ ನಕ್ಕುಬಿಟ್ಟ. "ಅದೆಲ್ಲ ಇಲ್ಲಿ ನಡಿಯಲ್ಲ ಯಜಮಾನ್ರೇ, ರೇಟು ಗ್ಲಾಸ್ ಮೇಲೇ ಬರ್ದಿದೆ. ಆದ್ರೂ ಈ ಕಾರು ನಿಮ್ಗೆ ಬೇಡ ಬುಡಿ. ಇರೋದೇ ಎರಡು ಸೀಟು. ಒಂದು ಟೈರ್ ಹೋದ್ರೆ ಒಂದು ಹಸೀನ ದುಡ್ಡು. ಏನಾದ್ರೂ ಕೆಟ್ರೆ ಸಾಮಾನು ಹೊರದೇಶದಿಂದ ಬರ್ಬೇಕು, ಮೂರು ತಿಂಗ್ಳು ಕಾಯ್ಬೇಕು."

ಶಿವಮಲ್ಲಪ್ಪ ಪೆಚ್ಚಾಗಿ ಟವೆಲನ್ನು ಮತ್ತೆ ಹೆಗಲಿಗೇರಿಸಿದ. ತನ್ನೂರು ಬಿಳಿಗೆರೆಯ ಸುತ್ತಮುತ್ತ ಯಾರು ಹಸು ಕೊಂಡರೂ ಅವನೇ ಮುಂದೆ ನಿಲ್ಲಬೇಕು. ಕೊಂಬು, ಬಣ್ಣದ ಕಡೆ ಕಣ್ಣೆತ್ತಿಯೂ ನೋಡದೆ ಸೀದಾ ಕೆಚ್ಚಲಿಗೆ ಕೈ ಹಾಕುವ ಆಸಾಮಿ. ಅಂಥವನಿಗೆ ಅರವತ್ತರ ಹತ್ತಿರ ಈ ಕೆಂಪು ಕಾರಿನ ಹುಚ್ಚು. ತಿಂಗಳಿಂದ ಕಣ್ಣು ಮುಚ್ಚಿದರೆ ಸಾಕು, ಟಾಪು ತೆಗೆದ ಕಾರು ನಾಲೆಯ ಏರಿಯ ಮೇಲೆ ತೇಲುತ್ತಿತ್ತು. ಭತ್ತದ ತೆನೆಗಳು ಎರಡೂ ಕಡೆ ಬಾಗಿ ದಾರಿ ಬಿಡುತ್ತಿದ್ದವು. ನರಸೀಪುರದ ಸಂಗಮದ ತಂಗಾಳಿಗೆ ಪಕ್ಕದ ಸೀಟಿನಲ್ಲಿ ಹೆಂಡತಿ ಚನ್ನಾಜಮ್ಮನ ಸೆರಗು ಹಾರುತ್ತಿತ್ತು. ಈ ಧ್ಯಾನದಲ್ಲಿ ಎರಡು ಸಲ ಹಾಲಿನ ಬಕೆಟ್ ಮಗುಚಿದ್ದೂ ಉಂಟು.

ಆ ಚನ್ನಾಜಮ್ಮ ಬೇಡ ಎನ್ನಲೆಂದೇ ಇವತ್ತು ಜೊತೆಗೆ ಬಂದಿದ್ದಳು. ಒಳಗೆ ಅಂಥದ್ದೇನಿದೆಯೋ ನೋಡುತ್ತೇನೆ ಎಂದು ಕಾರು ಹತ್ತಿ ಕೂತವಳು ಇನ್ನೂ ಇಳಿದಿರಲಿಲ್ಲ.

"ಇಳಿ ಕಣಮ್ಮಿ. ಪಕ್ಕದ ಆ ಬಿಳೀ ಕಾರು ನೋಡವ. ಏಳು ಜನ ಕೂರ್ಬೋದು, ಹಿಂಡಿ ಮೂಟೆನೂ ಹಾಕ್ಬೋದು. ಇದು ಬರೀ ದುಡ್ಡು ತಿನ್ನೋದೇಯ." ಹೇಳಿದ್ದು ನಿಜವೇ. ಆದರೂ ಹೇಳುವಾಗ ಶಿವಮಲ್ಲಪ್ಪನ ಕೈ ಕೆಂಪು ಬಾಗಿಲ ಮೇಲಿಂದ ಕದಲಲಿಲ್ಲ.

ಚನ್ನಾಜಮ್ಮ ಸೀಟಿನ ಮೆತ್ತೆಯನ್ನು ಸವರುತ್ತ, "ನಮ್ಮ ಕೆಂದಿ ನೆಪ್ಪದಾ?" ಎಂದಳು.

ನೆನಪಿಲ್ಲದೆ ಏನು! ಗಬ್ಬವೇ ನಿಲ್ಲದ ಕೆಂಪು ಹಸು. ಮಾರಿ ಕೈತೊಳೆದುಕೋ ಎಂದು ಊರೇ ಹೇಳಿತ್ತು. ನೋಡೋಕೆ ಚೆಂದವಾಗಿದೆ, ಇರಲಿ ಎಂದು ಹಟ ಹಿಡಿದವಳು ಇವಳೇ.

"ಹನ್ನೊಂದು ವರ್ಸ ಒಂದು ತೊಟ್ಟು ಹಾಲು ಕೊಡ್ನಿಲ್ಲ ಅದು. ದಿನಾ ಮೇವು ಹಾಕ್ದೋರು ನೀವು. ಒಂದಿನನಾದ್ರೂ ಯಾಕಮ್ಮಿ ಇದು ಅಂದ್ರಾ?"

ಶಿವಮಲ್ಲಪ್ಪ ಅವಳತ್ತ ಬಗ್ಗಿದ. ಅವಳು ಕೂತಲ್ಲಿಂದಲೇ ಅವನ ಹೆಗಲಿಂದ ಇಳಿಬಿದ್ದಿದ್ದ ಟವೆಲಿನ ತುದಿ ಹಿಡಿದೆಳೆದು, ಅವನ ಬಲಗೈ ಮೇಲೆ ಹೊದಿಸಿದಳು.

"ಬಾಪ್ಪ ಕಿರಣಾ, ಬೆರಳು ಹಿಡಿಯೋದ್ನ ನಮ್ಮೋರು ಹೇಳ್ಕೊಡ್ತಾರೆ. ಇದರೊಳ್ಗೆ ಕೈ ಹಾಕು."