ತಳ ಕಾಣುವ ನೀರು

ವಿಜ್ಞಾನದ ಮೇಷ್ಟ್ರು ಶಿವಮೂರ್ತಪ್ಪ ಬಕೆಟ್ಟಿನ ತಳದಲ್ಲಿ ಒಂದು ಅಂಗಿಗುಂಡಿ ಇಟ್ಟು, ಅದು ಕಣ್ಣಿಗೆ ಮರೆಯಾಗುವವರೆಗೂ ಮಕ್ಕಳನ್ನು ಹಿಂದಕ್ಕೆ ಸರಿಸಿದರು. ಆಮೇಲೆ ನಿಧಾನವಾಗಿ ನೀರು ಸುರಿದರು. ಯಾರೂ ಮುಟ್ಟದೆಯೇ ಗುಂಡಿ ಮತ್ತೆ ಕಾಣಿಸಿಕೊಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಗುಂಡಿ ಇದ್ದಲ್ಲೇ ಇದೆ. ನೀರಿಂದ ಆಚೆ ಬರೋವಾಗ ಬೆಳಕು ಬಾಗುತ್ತೆ, ಅದಕ್ಕೇ ತಳ ಮೇಲೆ ಬಂದಂಗೆ ಕಾಣುತ್ತೆ," ಎಂದರು.

ಪುಸ್ತಕದಲ್ಲಿ ಈ ಪಾಠ ಕೊನೆಗಿತ್ತು. ಹೋದ ಬೇಸಿಗೆಯಲ್ಲಿ ಶಾಲೆಯ ಹಿಂದಿನ ಕಲ್ಲುಗಣಿಯ ಹೊಂಡದಲ್ಲಿ ಹುಡುಗನೊಬ್ಬ ಮುಳುಗಿ ಸತ್ತಿದ್ದರಿಂದ ಅವರು ಈ ವರ್ಷ ಇದನ್ನೇ ಮೊದಲು ತೆಗೆದುಕೊಂಡಿದ್ದರು. ಒಳ್ಳೆಯ ಕೆಲಸ ಮಾಡಿದಿರಿ ಎಂದು ಊರಿನವರು ಹೊಗಳಿದ್ದರು. ಅಂದಿನಿಂದ ಅವರು ಊರಿನವರ ಮುಖ ನೋಡುವುದನ್ನೇ ಬಿಟ್ಟಿದ್ದರು.

ಸತ್ತವನ ತಂಗಿ ಗಿರಿಜಾ ಮುಂದೆ ಬಂದು ಬಕೆಟ್ಟಿನೊಳಗೆ ಕೈ ಇಳಿಸಿದಳು. ಅವಳು ಅಂದುಕೊಂಡದ್ದಕ್ಕಿಂತ ಆಳವಿತ್ತು. ನೀರು ಮೊಣಕೈ ದಾಟಿತು.

"ಹಂಗಾದ್ರೆ ಬರೀ ನೋಡಿ ಆಳ ಹೇಳಕ್ಕಾಗಲ್ವಾ ಸಾರ್?"

"ಆಗಲ್ಲಮ್ಮ. ಯಾರಿಗೂ ಆಗಲ್ಲ. ಕೋಲು ಇಳಿಸಿ ಅಳೀಬೇಕು."

ಅವಳು ಕೈ ಹೊರತೆಗೆಯದೆ ಮೆಲ್ಲಗೆ ಕೇಳಿದಳು:

"ಮತ್ತೆ ಅವತ್ತು ಹೊಂಡದ ದಡದಲ್ಲಿ ನಮ್ಮಣ್ಣ ಕೇಳ್ದಾಗ, ತಳ ಕಾಣ್ತಿದೆ, ಸೊಂಟದಷ್ಟೇ ನೀರು, ಇಳಿ ಅಂತ ಯಾಕಂದ್ರಿ ಸಾರ್?"