ಕಡಲು ಬರುವುದಿಲ್ಲ

ಕಾಲೇಜಿನ ಚರ್ಚಾ ಸ್ಪರ್ಧೆಯ ವಿಷಯ ‘ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತಿದೆ’. ಪರವಾಗಿ ಮಾತಾಡಿದವರು ಅಂಕಿಅಂಶ ಒಪ್ಪಿಸಿದಷ್ಟೂ ಸಭೆ ಆಕಳಿಸಿತು. “ಎಲ್ಲ ಫಾರಿನ್‌ನವರ ಬೊಗಳೆ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದಾಗ ಮಾತ್ರ ಎಲ್ಲರೂ ಎಚ್ಚೆತ್ತು ನಕ್ಕರು.

ಚೀಟಿ ಎತ್ತಿದಾಗ ಸುಗಂಧಿಗೆ ವಿರೋಧದ ಪಕ್ಷ ಬಂದಿತ್ತು. ಅವಳು ಕೈಯಲ್ಲಿ ಕಾಗದವಿಲ್ಲದೆ ಮೈಕಿನ ಮುಂದೆ ನಿಂತು ಮೆಲ್ಲಗೆ ಹೇಳಿದಳು.

“ಕಡಲು ನಮ್ಮನ್ನು ಸಾಕಿದ ತಾಯಿ. ಸಾಕಿದವಳು ಮಕ್ಕಳ ಮನೆಗೆ ಕೈ ಹಾಕುತ್ತಾಳೆಯೇ? ಅಜ್ಜಿಯ ಕಾಲದಲ್ಲೂ ಅವಳು ಅಲ್ಲೇ ಇದ್ದಳು, ನಾಳೆಯೂ ಅಲ್ಲೇ ಇರುತ್ತಾಳೆ. ಹೆದರಬೇಡಿ. ನಿಶ್ಚಿಂತೆಯಿಂದ ಮಲಗಿ.”

ಚಪ್ಪಾಳೆ ನಿಲ್ಲಲೇ ಇಲ್ಲ. ಮೊದಲ ಬಹುಮಾನವೂ ಅವಳಿಗೇ ಬಂತು.

ತೀರ್ಪುಗಾರರಾಗಿದ್ದ ಭೂಗೋಳದ ಅಧ್ಯಾಪಕರು ಅವಳನ್ನು ಬಾಗಿಲಲ್ಲಿ ತಡೆದರು.

“ನೀನು ಹೇಳಿದ್ದು ಒಂದೂ ನಿಜ ಅಲ್ಲ ಅಂತ ನಂಗೆ ಗೊತ್ತುಂಟು ಮಾರಾಯ್ತಿ. ಆದ್ರೂ ನಂಬಿಬಿಟ್ಟೆ. ಹೀಗೆ ಮಾತಾಡ್ಲಿಕ್ಕೆ ಯಾರು ಕಲಿಸಿದ್ದು?”

“ಯಾರೂ ಇಲ್ಲ ಸರ್. ದಿನಾ ಹೇಳಿ ಅಭ್ಯಾಸ.”

“ಯಾರಿಗೆ?”

“ಅಮ್ಮನಿಗೆ. ನಮ್ಮ ಅಡುಗೆಮನೆಯನ್ನು ಕಡಲು ಎಳ್ಕೊಂಡು ಹೋದ ಮೇಲೆ, ಹೀಗೆ ಹೇಳಿದ್ರೆ ಮಾತ್ರ ಅವರಿಗೆ ನಿದ್ದೆ ಬರುದು.”